ಉದರ ಸ್ನಾಯುಗಳ ಬಲವರ್ಧನೆಯಲ್ಲಿ ವ್ಯಾಯಾಮ ತಂತ್ರ

ಉದರ ಸ್ನಾಯುಗಳ ಬಲವರ್ಧನೆಯು ಹೊಟ್ಟೆಯ ಮುಂಭಾಗ ಹಾಗೂ ಪಾರ್ಶ್ವಗಳ ಸ್ನಾಯುಗಳನ್ನು ವ್ಯಾಯಾಮದ ಮೂಲಕ ಸದೃಢಗೊಳಿಸುವ ಕ್ರಮವಾಗಿದೆ. ಇದರ ಫಲವು ಆವರ್ತನೆಗಳ ಸಂಖ್ಯೆಗಿಂತ ಹೆಚ್ಚಾಗಿ ದೇಹದ ಭಂಗಿ, ಚಲನೆಯ ವೇಗ ಮತ್ತು ಉಸಿರಾಟದ ಕ್ರಮವನ್ನು ಅವಲಂಬಿಸಿದೆ.

ಸ್ನಾಯುಗಳ ರಚನೆ

ರೆಕ್ಟಸ್ ಅಬ್ಡಾಮಿನಿಸ್ ಸ್ನಾಯುವು ಮುಂಡವನ್ನು ಮುಂದಕ್ಕೆ ಬಾಗಿಸುತ್ತದೆ. ಬಾಹ್ಯ ಮತ್ತು ಆಂತರಿಕ ಓರೆ ಸ್ನಾಯುಗಳು ಮುಂಡವನ್ನು ತಿರುಗಿಸಲು ಹಾಗೂ ಪಕ್ಕಕ್ಕೆ ಬಾಗಿಸಲು ನೆರವಾಗುತ್ತವೆ. ಎಲ್ಲಕ್ಕಿಂತ ಒಳಗಿರುವ ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್ ನಡುಪಟ್ಟಿಯಂತೆ ಹೊಟ್ಟೆಯನ್ನು ಸುತ್ತುವರಿದು ಬೆನ್ನೆಲುಬಿಗೆ ಸ್ಥಿರತೆ ನೀಡುತ್ತದೆ.

ತಂತ್ರದ ಪ್ರಭಾವ

ಅಂಗಾತ ಮಲಗಿ ತಲೆ ಮತ್ತು ಭುಜಗಳನ್ನಷ್ಟೇ ಎತ್ತಿದಾಗ ಶ್ರಮವು ಮುಖ್ಯವಾಗಿ ಉದರ ಸ್ನಾಯುಗಳ ಮೇಲೆ ಬೀಳುತ್ತದೆ. ಪೂರ್ತಿ ಎದ್ದು ಕುಳಿತಾಗ, ವಿಶೇಷವಾಗಿ ಪಾದಗಳನ್ನು ಬೇರೊಬ್ಬರು ಒತ್ತಿ ಹಿಡಿದಿದ್ದರೆ, ಸೊಂಟವನ್ನು ಬಾಗಿಸುವ ಇಲಿಯೋಸೋವಾಸ್ ಸ್ನಾಯುವಿನ ಪಾಲು ಹೆಚ್ಚಾಗುತ್ತದೆ. ಈ ಸ್ನಾಯು ಕೆಳಬೆನ್ನಿನ ಕಶೇರುಗಳಿಗೆ ಅಂಟಿಕೊಂಡಿರುವುದರಿಂದ ಅಲ್ಲಿ ಒತ್ತಡವೂ ಏರುತ್ತದೆ. ರಭಸದಿಂದ ಏಳುವಾಗ ಸ್ನಾಯುವಿನ ಕೆಲಸದ ಒಂದು ಭಾಗವನ್ನು ದೇಹದ ವೇಗವೇ ಮಾಡಿಬಿಡುತ್ತದೆ. ತಲೆಯ ಹಿಂದೆ ಕೈಕಟ್ಟಿ ಎಳೆದರೆ ಕುತ್ತಿಗೆಗೆ ನೋವಾಗಬಹುದು. ಆದ್ದರಿಂದ ನಿಧಾನವಾಗಿ ಏಳುವುದು, ಏಳುವಾಗ ಉಸಿರು ಬಿಡುವುದು ಮತ್ತು ಅಷ್ಟೇ ನಿಧಾನವಾಗಿ ಇಳಿಯುವುದು ಸೂಕ್ತ ಕ್ರಮವಾಗಿದೆ.

ಕಲಬುರಗಿ ಪ್ರದೇಶದ ವ್ಯಾಯಾಮ ಪರಂಪರೆ

ಕಲಬುರಗಿಯನ್ನು ಒಳಗೊಂಡ ಉತ್ತರ ಕರ್ನಾಟಕದ ಗರಡಿಮನೆಗಳ ಸಾಧನೆಯಲ್ಲಿ ದಂಡ, ಬಸ್ಕಿ ಮತ್ತು ಕುಸ್ತಿ ಪ್ರಮುಖವಾದವು. ದಂಡ ಹೊಡೆಯುವಾಗ ಕೈ ಮತ್ತು ಎದೆ ಚಲನೆಯನ್ನು ನಡೆಸಿದರೆ, ಉದರ ಸ್ನಾಯುಗಳು ನಡುವನ್ನು ಹಿಡಿದಿಡುತ್ತವೆ. ದಣಿವಿನಿಂದ ನಡು ಜೋತುಬಿದ್ದರೆ ಭಾರವು ಕೆಳಬೆನ್ನಿಗೆ ವರ್ಗವಾಗುತ್ತದೆ. ಆ ಹಂತದಲ್ಲಿ ಎಣಿಕೆ ಹೆಚ್ಚಿಸುವುದಕ್ಕಿಂತ ನಿಲ್ಲಿಸುವುದು ಲೇಸು. ಯೋಗದ ಫಲಕಾಸನಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ದುಡಿಮೆಯಲ್ಲಿಯೂ ಈ ಸ್ನಾಯುಗಳ ಪಾತ್ರವಿದೆ. ಕಲಬುರಗಿ ಜಿಲ್ಲೆಯ ಕಮಲಾಪುರವು ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೆಂಪು ಬಾಳೆಗೆ ಹೆಸರಾಗಿದೆ. ಬಾಳೆಗೊನೆಯಂತಹ ಭಾರವನ್ನು ಎತ್ತುವಾಗ ಹೊಟ್ಟೆಯನ್ನು ಬಿಗಿಹಿಡಿದು, ಭಾರವನ್ನು ಮೈಗೆ ಹತ್ತಿರವಿಟ್ಟು, ಮೊಣಕಾಲು ಮಡಚಿ ಏಳುವುದರಿಂದ ಬೆನ್ನಿನ ಮೇಲಿನ ಹೊರೆ ಕಡಿಮೆಯಾಗುತ್ತದೆ.

ಕೊಬ್ಬು ಮತ್ತು ಉದರ ವ್ಯಾಯಾಮ

ಉದರ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬು ಮಾತ್ರ ಕರಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. 2011ರಲ್ಲಿ ಪ್ರಕಟವಾದ, 24 ಮಂದಿಯನ್ನು ಒಳಗೊಂಡ ಆರು ವಾರಗಳ ಅಧ್ಯಯನವೊಂದರಲ್ಲಿ ಇಂತಹ ವ್ಯಾಯಾಮವು ಸ್ನಾಯುಗಳ ತಾಳಿಕೆಯನ್ನು ಹೆಚ್ಚಿಸಿತು. ಆದರೆ ಹೊಟ್ಟೆಯ ಕೊಬ್ಬಿನಲ್ಲಿ ಗಮನಾರ್ಹ ಇಳಿಕೆ ಕಂಡುಬರಲಿಲ್ಲ. ಕೊಬ್ಬು ಇಳಿಯಲು ಆಹಾರ ನಿಯಂತ್ರಣ ಮತ್ತು ಒಟ್ಟಾರೆ ದೈಹಿಕ ಚಟುವಟಿಕೆ ಅಗತ್ಯ.

ಎಚ್ಚರಿಕೆ

ಉಸಿರು ಬಿಗಿಹಿಡಿದು ಶ್ರಮಿಸಿದಾಗ ರಕ್ತದೊತ್ತಡ ಮತ್ತು ಉದರದ ಒಳಒತ್ತಡ ಎರಡೂ ಏರುತ್ತವೆ. ಆದ್ದರಿಂದ ಅಧಿಕ ರಕ್ತದೊತ್ತಡ, ಹರ್ನಿಯಾ ಅಥವಾ ಬೆನ್ನುಹುರಿಯ ತೊಂದರೆ ಇರುವವರು, ಇತ್ತೀಚೆಗೆ ಉದರ ಶಸ್ತ್ರಚಿಕಿತ್ಸೆಗೆ ಒಳಗಾದವರು ಹಾಗೂ ಬಾಣಂತಿಯರು ವೈದ್ಯರ ಸಲಹೆ ಪಡೆದೇ ಈ ವ್ಯಾಯಾಮಗಳನ್ನು ಆರಂಭಿಸಬೇಕು. ಹೆರಿಗೆಯ ನಂತರ ಕೆಲವರಲ್ಲಿ ರೆಕ್ಟಸ್ ಸ್ನಾಯುವಿನ ಎರಡು ಭಾಗಗಳ ನಡುವಿನ ಅಂತರ ಹಿಗ್ಗಿರುವುದರಿಂದ ಅಂಥವರಿಗೆ ಸೌಮ್ಯ ವ್ಯಾಯಾಮಗಳಿಂದ ಆರಂಭಿಸಲು ಸೂಚಿಸಲಾಗುತ್ತದೆ.