ಶೈಲಿಮಾಪನ

ಬರಹದ ಶೈಲಿಯನ್ನು ಎಣಿಕೆಗೆ ಸಿಗುವ ಲಕ್ಷಣಗಳಾಗಿ ಬಿಡಿಸಿ, ಅದರ ಕರ್ತೃ, ಕಾಲ ಅಥವಾ ಪ್ರಕಾರವನ್ನು ಗುರುತಿಸುವ ವಿಧಾನ. ಸ್ಟೈಲೊಮೆಟ್ರಿ ಎಂದೂ ಹೆಸರು. ಇಂದು ಈ ಎಣಿಕೆ, ಹೋಲಿಕೆಗಳನ್ನು ಕಂಪ್ಯೂಟರ್ ಮಾಡುತ್ತದೆ.

ಇತಿಹಾಸ: ಮಧುರೆಯಲ್ಲಿ ಹುಟ್ಟಿದ ಬ್ರಿಟಿಷ್ ಗಣಿತಜ್ಞ ಆಗಸ್ಟಸ್ ಡಿ ಮಾರ್ಗನ್, ಪದಗಳ ಸರಾಸರಿ ಉದ್ದದಿಂದ ಕರ್ತೃವನ್ನು ಪತ್ತೆಹಚ್ಚಬಹುದೆಂದು 1851ರ ಪತ್ರವೊಂದರಲ್ಲಿ ಸೂಚಿಸಿದರು. 1887ರಲ್ಲಿ ಅಮೆರಿಕದ ಭೌತವಿಜ್ಞಾನಿ ಥಾಮಸ್ ಮೆಂಡೆನ್‌ಹಾಲ್ ಲೇಖಕರ ಪದಗಳ ಉದ್ದವನ್ನು ಎಣಿಸಿ ನಕ್ಷೆ ಬರೆದರು. ಪ್ಲೇಟೋನ ಸಂವಾದಗಳ ಕಾಲಾನುಕ್ರಮವನ್ನು ಶೈಲಿಯಿಂದಲೇ ನಿರ್ಣಯಿಸಲು ಹೊರಟ ಪೋಲೆಂಡಿನ ವಿನ್ಸೆಂಟಿ ಲುಟೊಸ್ಲಾವ್‌ಸ್ಕಿ 1890ರಲ್ಲಿ ಈ ವಿಧಾನಕ್ಕೆ ಹೆಸರಿಟ್ಟರು.

ಫೆಡರಲಿಸ್ಟ್ ಲೇಖನಗಳು: ಅಮೆರಿಕದ ಸಂವಿಧಾನದ ಪರವಾಗಿ 1787-88ರಲ್ಲಿ ‘ಪಬ್ಲಿಯಸ್’ ಎಂಬ ಅಂಕಿತದಲ್ಲಿ ಬಂದ 85 ಲೇಖನಗಳಲ್ಲಿ 12, ಅವನ್ನು ಬರೆದ ರಾಜಕಾರಣಿಗಳಲ್ಲಿ ಹ್ಯಾಮಿಲ್ಟನ್ ಅವರವೋ ಮ್ಯಾಡಿಸನ್ ಅವರವೋ ಎಂಬ ವಿವಾದವಿತ್ತು. ಇಬ್ಬರ ವಾಕ್ಯಗಳ ಸರಾಸರಿ ಉದ್ದವೂ ಸುಮಾರು 34.5 ಪದವಾದ್ದರಿಂದ ಆ ಅಳತೆ ಕೈಕೊಟ್ಟಿತು. ಸುಳಿವು ಸಿಕ್ಕಿದ್ದು ಬರೆಯುವವರು ಗಮನವನ್ನೇ ಕೊಡದ ಪುಟ್ಟ ಪದಗಳಲ್ಲಿ. ‘ಅಪಾನ್’ (upon) ಎಂಬ ಪದ ಹ್ಯಾಮಿಲ್ಟನ್ ಬರಹದಲ್ಲಿ ಸಾವಿರ ಪದಗಳಿಗೆ ಸುಮಾರು ಮೂರು ಸಲ ಬಂದರೆ, ಮ್ಯಾಡಿಸನ್ ಬರಹದಲ್ಲಿ ಅಪರೂಪ. ಸಂಖ್ಯಾಶಾಸ್ತ್ರಜ್ಞರಾದ ಫ್ರೆಡರಿಕ್ ಮಾಸ್ಟೆಲರ್ ಮತ್ತು ಡೇವಿಡ್ ವ್ಯಾಲೇಸ್ 1964ರಲ್ಲಿ ಇಂಥ ಪದಗಳ ಎಣಿಕೆಗೆ ಸಂಭವನೀಯತೆಯ ಬೇಯ್ಸ್ ಪ್ರಮೇಯವನ್ನು ಅನ್ವಯಿಸಿ, ಹನ್ನೆರಡೂ ಮ್ಯಾಡಿಸನ್ ಅವರವೆಂದು ನಿರ್ಣಯಿಸಿದರು.

ವಿಧಾನ: ಆಸ್ಟ್ರೇಲಿಯದ ಜಾನ್ ಬರೋಸ್ 2002ರಲ್ಲಿ ಪ್ರಕಟಿಸಿದ ‘ಡೆಲ್ಟಾ’ ಹೆಚ್ಚು ಬಳಕೆಯಲ್ಲಿದೆ. ಅತಿ ಹೆಚ್ಚು ಬರುವ ಪದಗಳನ್ನು ಆರಿಸಿ, ಪ್ರತಿ ಬರಹದಲ್ಲಿ ಅವುಗಳ ಪ್ರಮಾಣ ಸರಾಸರಿಯಿಂದ ಎಷ್ಟು ಸರಿದಿದೆ ಎಂದು ಲೆಕ್ಕಹಾಕಿ, ಎರಡು ಬರಹಗಳ ನಡುವಿನ ಅಂತರವನ್ನು ಒಂದೇ ಅಂಕಿಯಲ್ಲಿ ಹೇಳುವುದು ಇದರ ಕ್ರಮ. ಅಂತರ ಕಡಿಮೆಯಾದಷ್ಟೂ ಕರ್ತೃ ಒಬ್ಬರೇ ಎಂಬ ಸಂಭವ ಹೆಚ್ಚು.

ಕನ್ನಡದಲ್ಲಿ ಬಿಡಿಪದಗಳ ಎಣಿಕೆಯಷ್ಟೇ ಸಾಲದು. ಇಂಗ್ಲಿಷಿನ ‘ಇನ್’, ‘ಟು’ಗಳ ಕೆಲಸವನ್ನು ಇಲ್ಲಿ ಪದಕ್ಕೆ ಅಂಟಿದ ವಿಭಕ್ತಿ ಪ್ರತ್ಯಯಗಳು ಮಾಡುತ್ತವೆ, ಸಂಧಿಯಲ್ಲಿ ಎರಡು ಪದ ಒಂದಾಗುತ್ತವೆ. ಪ್ರತ್ಯಯಗಳನ್ನು ಬಿಡಿಸಿಕೊಳ್ಳಬೇಕು, ಇಲ್ಲವೇ ಎರಡು-ಮೂರು ಅಕ್ಷರಗಳ ತುಣುಕುಗಳನ್ನು ಎಣಿಸಬೇಕು.

ಮಿತಿಗಳು: ಬರಹ ಚಿಕ್ಕದಾದರೆ ಎಣಿಕೆ ನಂಬಲರ್ಹವಲ್ಲ. ಪ್ರಕಾರ ಬದಲಾದರೆ, ಸಂಪಾದಕರ ಕೈ ಆಡಿದರೆ, ಬೇಕೆಂದೇ ಅನುಕರಿಸಿದರೆ ಫಲಿತಾಂಶ ತಪ್ಪಬಹುದು. ಹೋಲಿಕೆಗೆ ಇಟ್ಟವರಲ್ಲಿ ಹತ್ತಿರದವರು ಯಾರೆಂದಷ್ಟೇ ಈ ವಿಧಾನ ಹೇಳಬಲ್ಲದು. 2013ರಲ್ಲಿ ರಾಬರ್ಟ್ ಗಾಲ್‌ಬ್ರೈತ್ ಎಂಬ ಹೆಸರಿನಲ್ಲಿ ಬಂದ ಪತ್ತೇದಾರಿ ಕಾದಂಬರಿಯನ್ನು ಕಂಪ್ಯೂಟರ್ ವಿಜ್ಞಾನಿ ಪ್ಯಾಟ್ರಿಕ್ ಜುವೋಲಾ ನಾಲ್ವರು ಲೇಖಕಿಯರ ಬರಹಗಳೊಡನೆ ಹೋಲಿಸಿದಾಗ ಫಲಿತಾಂಶ ಅವರಲ್ಲೊಬ್ಬರಾದ ಜೆ. ಕೆ. ರೌಲಿಂಗ್ ಕಡೆಗೆ ಬೆರಳು ತೋರಿತು. ಅದು ಖಚಿತವಾದದ್ದು ರೌಲಿಂಗ್ ಒಪ್ಪಿಕೊಂಡ ಮೇಲೆ.