ತರಗು ಬೆಂಕಿ ಮತ್ತು ಸೋಲಿಗರ ಕಾಡು
ನಮ್ಮ ಸೀಮೆಯ ಚರಿತ್ರೆ – ಭಾಗ 6

ನಂಜನಗೂಡಿಂದ ಚಾಮರಾಜನಗರದ ರೈಲು ಹತ್ತಿದ್ದೀರಾ? ಆ ಊರಿನ ಪೂರ್ವಕ್ಕಿರೋದೇ ಬಿಳಿಗಿರಿರಂಗನ ಬೆಟ್ಟ. 1997ರವರೆಗೂ ಅದು ನಮ್ಮ ಮೈಸೂರು ಜಿಲ್ಲೆಯೇ. ಇವತ್ತು ಅಲ್ಲಿನ ಸೋಲಿಗರ ಕಥೆ.

ಅವರ ಊರಿಗೆ ಪೋಡು ಅಂತಾರೆ. ಬೆಟ್ಟದ ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಅನ್ನೋದು ನಂಬಿಕೆ. ಹಾಗಾಗಿ ದೇವರೇ ಅವರಿಗೆ ಭಾವ! ಒಂದೊಂದು ಕುಲಕ್ಕೂ ಕಾಡಲ್ಲಿ ತನ್ನದೇ 'ಎಲ್ಲೆ' ಇದೆ. ಅದರೊಳಗೆ ದೇವರು, ಮಾರಮ್ಮ, ಕಲ್ಲುಗುಡಿ, ಅಬ್ಬಿ ಎಲ್ಲಕ್ಕೂ ಜಾಗ ಉಂಟು. ಜಾಗ ಬದಲಿಸುತ್ತಾ ರಾಗಿ ಬೆಳೆಯೋರು, ಜೇನು, ನೆಲ್ಲಿಕಾಯಿ ತರೋರು. ಬೇಸಿಗೆ ಜೋರಾಗೋ ಮೊದಲೇ ಒಣಗಿದೆಲೆಗೆ ಸಣ್ಣಗೆ ಬೆಂಕಿ ಹಾಕೋರು. ಅದೇ ತರಗು ಬೆಂಕಿ.

1974ರಲ್ಲಿ ಬೆಟ್ಟ ಅಭಯಾರಣ್ಯವಾಯ್ತು. ಜಾಗ ಬದಲಿಸೋ ಬೇಸಾಯ, ಬೆಂಕಿ ಎರಡೂ ನಿಂತವು. ಎಷ್ಟೋ ಕುಟುಂಬಗಳು ಎಲ್ಲೆ ಬಿಟ್ಟು ಒಂದೇ ಕಡೆ ನೆಲೆಸಬೇಕಾಯ್ತು. ಕಾಡು ಚೆನ್ನಾಗಾಯ್ತು ಅಂದ್ಕೊಂಡ್ರಾ? ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಬದನಿಕೆ ಹತ್ತಿತು. ತರಗು ಬೆಂಕಿ ಇದ್ದಿದ್ರೆ ಇವೆರಡೂ ಹತೋಟಿಯಲ್ಲಿರ್ತಿದ್ವು ಅಂತಾರೆ ಸೋಲಿಗರು. ಸಂಶೋಧಕರೂ ಈ ಮಾತನ್ನು ದಾಖಲಿಸಿದ್ದಾರೆ.

2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯ್ತು. ಮತ್ತೆ ಎತ್ತಂಗಡಿ ಆಗುತ್ತಾ ಅನ್ನೋ ಭಯದ ನಡುವೆಯೇ, ಅದೇ ವರ್ಷ 25 ಪೋಡುಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಕಿರು ಅರಣ್ಯ ಉತ್ಪನ್ನ ತರೋದು, ಕಾಡು ಕಾಯೋದು ಈಗ ಕಾನೂನಿನ ಪ್ರಕಾರ ಅವರ ಹಕ್ಕು.

ಮುಂದಿನ ಸಲ ಬೆಟ್ಟದ ಫೋಟೊ ಹಾಕೋವಾಗ ಒಂದು ಕೆಲಸ ಮಾಡಿ: ಆ ಜಾಗಕ್ಕೆ ಸೋಲಿಗರು ಏನಂತಾರೆ ಅಂತ ಕೇಳಿ, ಆ ಹೆಸರನ್ನೇ ಬರೀರಿ.