ಡೇ ಕೇರ್ ಫೀಸಿನಲ್ಲಿ ಸರ್ಕಾರದ ಪಾಲೆಷ್ಟು?

ಜನವರಿ ಬಂತೆಂದರೆ ಕಂಪನಿಗಳ ಎಚ್‌ಆರ್ ವಿಭಾಗದವರು ಟ್ಯಾಕ್ಸ್ ಉಳಿತಾಯದ ರಸೀದಿ ಕೇಳೋಕೆ ಶುರು ಮಾಡ್ತಾರೆ. ಅಂಥದೇ ಹೊತ್ತಲ್ಲಿ ನನ್ನ ಎಂಜಿನಿಯರಿಂಗ್ ಕ್ಲಾಸ್‌ಮೇಟ್ ಒಬ್ಬ ಫೋನ್ ಮಾಡಿ, "ಲೋ, ಮಗಳ ಡೇ ಕೇರ್ ಫೀಸು ಇದರಲ್ಲಿ ತೋರಿಸಬಹುದೇನೋ?" ಅಂದ. ಇಲ್ಲ ಕಣೋ ಅಂದೆ. ಹಳೆಯ ತೆರಿಗೆ ಪದ್ಧತಿಯ 80ಸಿ ವಿನಾಯಿತಿ ಇರೋದು ಟ್ಯೂಷನ್ ಫೀಸಿಗೆ. ಪ್ಲೇ ಸ್ಕೂಲು, ನರ್ಸರಿಯ ಬೋಧನಾ ಶುಲ್ಕಕ್ಕೆ ಅದು ಸಿಗುತ್ತೆ. ಮಗುವನ್ನು ಬರೀ ನೋಡಿಕೊಳ್ಳುವುದಕ್ಕೆ ಕೊಟ್ಟ ದುಡ್ಡಿಗೆ ಸಿಗಲ್ಲ. ಹೊಸ ಪದ್ಧತಿಯಲ್ಲಂತೂ ಎರಡೂ ಇಲ್ಲ. "ಹಾಗಾದ್ರೆ ಸರ್ಕಾರ ಏನು ಕೊಡುತ್ತೆ ಮತ್ತೆ?" ಅಂತ ಕೇಳಿದ. ಫೋನಿನಲ್ಲಿ ಹೇಳಿ ಮುಗಿಯುವ ಉತ್ತರ ಅದಲ್ಲ.

ಮೊದಲು ನಗದು ನೋಡೋಣ. 2013ರ ಆಹಾರ ಭದ್ರತಾ ಕಾಯ್ದೆ ಗರ್ಭಿಣಿಯರಿಗೆ, ಬಾಣಂತಿಯರಿಗೆ ಕನಿಷ್ಠ 6,000 ರೂಪಾಯಿ ಕೊಡಬೇಕು ಅನ್ನುತ್ತೆ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ ಮೊದಲ ಮಗುವಿಗೆ ಕೊಡೋದು 5,000. ಎರಡನೆಯದು ಹೆಣ್ಣಾದರೆ 6,000. ಇದು ಹೆರಿಗೆಯ ಆಸುಪಾಸಿನ ನೆರವು, ಆಮೇಲಿನ ವರ್ಷಗಳದ್ದಲ್ಲ. ಗೃಹಲಕ್ಷ್ಮಿಯ ತಿಂಗಳ 2,000 ಮನೆಯೊಡತಿಗೆ, ಮಗು ಇರಲಿ ಬಿಡಲಿ. ಕೈಗೆ ದುಡ್ಡು ಬರೋದು ಒಳ್ಳೆಯದೇ. ಆದರೆ ಊರಲ್ಲಿ ಶಿಶುಪಾಲನಾ ಕೇಂದ್ರವೇ ಇಲ್ಲದಿದ್ದರೆ ಆ ದುಡ್ಡು ಹಿಡಿದು ಎಲ್ಲಿಗೆ ಹೋಗೋದು?

ಇನ್ನು ರಜೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ಹೆರಿಗೆ ರಜೆ 26 ವಾರ, ಅಂದರೆ ಆರು ತಿಂಗಳು. ಅಂಗನವಾಡಿ ಮಗುವನ್ನು ಶಾಲಾಪೂರ್ವ ಶಿಕ್ಷಣಕ್ಕೆ ಕೂರಿಸಿಕೊಳ್ಳೋದು ಮೂರು ವರ್ಷಕ್ಕೆ. ಅದಕ್ಕೂ ಚಿಕ್ಕವರಿಗೆ ಪೌಷ್ಟಿಕ ಆಹಾರ ಮನೆಗೆ ಸಿಗುತ್ತೆ, ಕೂರೋಕೆ ಜಾಗ ಸಿಗಲ್ಲ. ನಡುವೆ ಉಳಿಯೋದು ಎರಡೂವರೆ ವರ್ಷ. ಅಮ್ಮಂದಿರು ಕೆಲಸ ಬಿಡೋದು, ಊರಿಂದ ಅಜ್ಜಿಯನ್ನು ಬೆಂಗಳೂರಿಗೆ ಕರೆಸಿಕೊಳ್ಳೋದು ಎಲ್ಲಾ ಇದೇ ಎರಡೂವರೆ ವರ್ಷದಲ್ಲಿ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇದನ್ನು ದಾಟಲು 730 ದಿನಗಳ ಶಿಶುಪಾಲನಾ ರಜೆ ಇದೆ. ಕರ್ನಾಟಕವೂ 2021ರಲ್ಲಿ ತನ್ನ ನೌಕರಿಯರಿಗೆ ಆರು ತಿಂಗಳ ರಜೆ ಕೊಟ್ಟಿತು. ಖಾಸಗಿಯವರಿಗೆ ಅಂಥದ್ದಿಲ್ಲ.

ಅವರಿಗೆ ಇರೋದು ಕ್ರೆಶ್ ನಿಯಮ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಕ್ರೆಶ್ ಒದಗಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಲು ಬಿಡಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದು ಉಳಿದಿದೆ. ಹಲವು ಸಂಸ್ಥೆಗಳು ಸೇರಿ ಒಂದೇ ಕ್ರೆಶ್ ನಡೆಸಲೂ ಅವಕಾಶವಿದೆ. ಗಮನಿಸಿ, ಹೊರೆ ಪೂರ್ತಿ ಮಾಲೀಕರದ್ದು. ಸರ್ಕಾರ ಹೇಳುತ್ತೆ, ಪಾಲು ಹಾಕಲ್ಲ. ಹೆಂಗಸರನ್ನು ಕೆಲಸಕ್ಕೆ ತಗೊಂಡರೆ ಖರ್ಚು ಜಾಸ್ತಿ ಅಂತ ಲೆಕ್ಕ ಹಾಕೋ ಮಾಲೀಕನ ಕೈಗೆ ನಾವೇ ಕ್ಯಾಲ್ಕುಲೇಟರ್ ಕೊಟ್ಟ ಹಾಗೆ.

ಸರ್ಕಾರ ತಾನೇ ದುಡ್ಡು ಹಾಕಿ ನಡೆಸೋ ದಾರಿಯೂ ಒಂದಿದೆ. 2006ರಲ್ಲಿ ರಾಜೀವ್ ಗಾಂಧಿ ಹೆಸರಲ್ಲಿ ಶುರುವಾದ ಕ್ರೆಶ್ ಯೋಜನೆ ಆಮೇಲೆ ರಾಷ್ಟ್ರೀಯ ಕ್ರೆಶ್ ಯೋಜನೆಯಾಯ್ತು. ಆಗ ಬಿಪಿಎಲ್ ಕುಟುಂಬದಿಂದ ತಿಂಗಳಿಗೆ 20 ರೂಪಾಯಿ, ಉಳಿದವರಿಂದ ಆದಾಯ ನೋಡಿ 100 ಅಥವಾ 200 ತಗೋತಿದ್ದರು. 2022ರಿಂದ ಅದು ಮಿಷನ್ ಶಕ್ತಿಯ ಕೆಳಗಿನ 'ಪಾಲ್ನಾ'. ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ, ಅಂಗನವಾಡಿಯಲ್ಲೇ ಕ್ರೆಶ್. ದೇಶಕ್ಕೆಲ್ಲ ಇಟ್ಟುಕೊಂಡ ಗುರಿ 17,000 ಕೇಂದ್ರ. ಅಂಗನವಾಡಿಗಳೋ ಸುಮಾರು 14 ಲಕ್ಷ.

ನನಗೆ ಹೆಚ್ಚು ಇಷ್ಟವಾದದ್ದು, ಹೆಚ್ಚು ಚಿಂತೆಗೆ ಹಚ್ಚಿದ್ದು ನಮ್ಮದೇ ರಾಜ್ಯದ ಕೂಸಿನ ಮನೆ. 2023ರ ಜುಲೈ ಬಜೆಟ್‌ನಲ್ಲಿ ಸಿದ್ದರಾಮಯ್ಯ 4,000 ಗ್ರಾಮ ಪಂಚಾಯ್ತಿಗಳಿಗೆ ಇದನ್ನು ಘೋಷಿಸಿದರು. ನರೇಗಾ ಕೂಲಿಗೆ ಹೋಗುವವರ, ಊರಿನ ಇತರ ದುಡಿಯುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆ ಇದು. ಅಂದರೆ ಯಾರ ಕಣ್ಣಿಗೂ ಬೀಳದ ಆ ಎರಡೂವರೆ ವರ್ಷಕ್ಕೇ ಕೈ ಹಾಕಿದ ಯೋಜನೆ. ನೋಡಿಕೊಳ್ಳೋದು ಜಾಬ್ ಕಾರ್ಡ್ ಇರುವ, ತರಬೇತಿ ಪಡೆದ ಅದೇ ಊರಿನ ಹೆಂಗಸರು. ಅವರಿಗೆ ನರೇಗಾದ್ದೇ ಕೂಲಿ. ತೊಡಕಿರೋದು ಅಲ್ಲೇ. ಕೂಲಿ ಕುಟುಂಬಕ್ಕೆ ವರ್ಷಕ್ಕೆ 100 ದಿನ. ನೂರು ದಿನ ಮುಗಿದರೆ ಆಕೆ ಹೋಗಿ ಇನ್ನೊಬ್ಬಾಕೆ ಬರಬೇಕು. ಒಂದು ವರ್ಷದ ಕೂಸು ಒಂದು ಮುಖಕ್ಕೆ ಹೊಂದಿಕೊಂಡು ಅಳು ನಿಲ್ಲಿಸೋ ಹೊತ್ತಿಗೆ ಆ ಮುಖವೇ ಬದಲು! ಕೆರೆ ಹೂಳೆತ್ತುವ ಕೆಲಸಕ್ಕೆ ಸರದಿ ನಡೆಯುತ್ತೆ, ಮಗು ಎತ್ತಿಕೊಳ್ಳೋ ಕೆಲಸಕ್ಕೆ ನಡೆಯಲ್ಲ.

ಈಗ ನರೇಗಾ ಬದಲಿಗೇ 2025ರ ಡಿಸೆಂಬರ್‌ನಲ್ಲಿ ಹೊಸ ಕಾಯ್ದೆ ಬಂದು ದಿನಗಳು 125 ಆಗಿವೆ, ಜೊತೆಗೆ ಖರ್ಚಿನಲ್ಲಿ ರಾಜ್ಯದ ಪಾಲು ಶೇ. 40ಕ್ಕೆ ಏರಿದೆ. ಕೂಲಿಯ ದುಡ್ಡಿನ ಮೇಲೆ ನಿಂತ ಕೂಸಿನ ಮನೆಗೆ ಇದರ ಬಿಸಿ ತಟ್ಟದೇ ಇರಲ್ಲ. ಆರೈಕೆ ಮಾಡುವವರಿಗೆ ರಾಜ್ಯ ಬಜೆಟ್‌ನಿಂದಲೇ ಬೇರೆಯಾಗಿ, ವರ್ಷಪೂರ್ತಿ ಗೌರವಧನ ಕೊಡಬೇಕು ಅನ್ನೋದು ನನ್ನ ವಾದ. ಗ್ಯಾರಂಟಿಗಳಿಗೆ ದುಡ್ಡು ಹೊಂದಿಸಿದ ಸರ್ಕಾರಕ್ಕೆ ಇದೇನು ಆಗದ ಮಾತಲ್ಲ.

ಗೆಳೆಯನಿಗೆ ಇಷ್ಟನ್ನೂ ವಾಟ್ಸಾಪಿನಲ್ಲಿ ಕಳಿಸಿದೆ. ಅವನ ಹೆಂಡತಿಯ ಆಫೀಸಿನಲ್ಲಿ ಇರೋದು 38 ಜನ, ಹಾಗಾಗಿ ಕ್ರೆಶ್ ನಿಯಮ ತಾಗಲ್ಲ. ಅವರ ಮನೆ ಕೆಲಸಕ್ಕೆ ಬರುವಾಕೆಗೂ ಒಂದೂವರೆ ವರ್ಷದ ಮಗ. ಆಕೆಗೆ ಜಾಬ್ ಕಾರ್ಡಿಲ್ಲ, ಸಿಟಿಯಲ್ಲಿ ಪಂಚಾಯ್ತಿಯೂ ಇಲ್ಲ. ಆ ಮಗು ಸದ್ಯಕ್ಕೆ ಅವರ ಅಡುಗೆಮನೆ ಬಾಗಿಲಲ್ಲಿ ಪಾತ್ರೆ ಬಡಿಯುತ್ತಾ ಕೂತಿರುತ್ತೆ.